ಹೊಲಿಗಿ ಇಲ್ಲದ ಅರಿವಿ

ಡಿಸೆಂಬರ್ ಬಂತಂದ್ರ ಮಂಗಲಪೇಟದ ಮಂದಿಗೆಲ್ಲ
ನನ್ನ ಮನಿ ದಾರಿ ನೆನಪಾಗ್ತದ.
ಜಂಪರಿನ ಕಣ, ಫ್ರಾಕಿಗಂತ
ಉಸ್ಮಾನಗಂಜಿನಿಂದ ತಂದ ಸಾಟಿನ್,
ಹೋದ ವರ್ಷದ ಪ್ಯಾಂಟು ಎರಡು ಬೆರಳು ಬಿಡಿಸಿಕೊಡು ಅಂತ
ಬಾಗಲಾಗ ನಿಂತ, ಉದ್ದಾದ ಹುಡುಗರು.
ಕೊರಳಿಗಿ ಟೇಪು, ಕಾಲಾಗ ಪೆಡಲು,
ಬಾಯಾಗ ಗುಂಡುಪಿನ್ನು.
ಪ್ರಾರ್ಥನಿ ಮಾಡಲಿಕ್ಕ ಬಾಯಿ ಖಾಲಿ ಇರಬೇಕಲ್ಲ?

ಆಗಮನದ ಮೊದಲ ಐತವಾರ
ಚರ್ಚಿನಾಗ ಒಂದು ಮೇಣಬತ್ತಿ ಹಚ್ಚಿದರಂತ.
ನಾ ಹೋಗಲಿಲ್ಲ.
ಎಸ್ತರಾ ಟೀಚರಿನ ಜಂಪರಿಗಿ ತೋಳು ಹಚ್ಚೋದಿತ್ತು.

ಎರಡನೇದಕ್ಕ ಹೋದೆ, ಹಿಂದಿನ ಬೆಂಚಿಗಿ ಕೂತೆ.
"ಮೊದಲಿನ ಪ್ರೀತಿ ಬಿಟ್ಟೀರಿ ನೀವು"
ಅಂತ ಪಾಸ್ಟರಯ್ಯ ಓದುವಾಗ
ನನ್ನ ಕಣ್ಣು ಮುಂದಿನಾಕಿ ಬೆನ್ನ ಮ್ಯಾಲಿತ್ತು:
ಹೊಲಿಗಿ ಸೊಟ್ಟ ಬಿದ್ದದ, ಯಾರ ಕೈ ಇದು?
ನನ್ನದೇ ಕೈ.

ಆಮ್ಯಾಲಿನ ಐತವಾರ
ಯಾವಾಗ ಬಂತೋ, ಹೋಯ್ತೋ,
ಬಾಬಿನ್ ತೀರಿದ್ದಷ್ಟೇ ಗೊತ್ತು.
ವಹಿಯಾಗ ನಂಬರು ಅರವತ್ತೊಂದು.
ನಿನ್ನ ಹೆಸರು, ಸ್ವಾಮಿ, ಎಲ್ಲೂ ಇಲ್ಲ.
ನಿನ್ನ ಹಬ್ಬಕ್ಕಂತೇ ಅಲ್ಲೇನು ಇದೆಲ್ಲ, ಅಂತ
ನನಗ ನಾನೇ ಹೇಳಿಕೊಂಡು ದಾರ ಪೋಣಿಸ್ತಿದ್ದೆ,
ಮದಿಮಗನ್ನ ಥಂಡ್ಯಾಗ ಹೊರಗ ನಿಲ್ಲಿಸಿ
ಹಂದರಕ್ಕ ತೋರಣ ಕಟ್ಟಿದಂಗ.

ಆ ರಾತ್ರಿ, ಇಪ್ಪತ್ತೊಂದೋ ಇಪ್ಪತ್ತೆರಡೋ,
ಚೌಬಾರಾದ ಕಡಿಂದ ಬಂದ ಗಾಳಿ
ಹೊಸ್ತಿಲಾ ದಾಟಿ ಒಳಗೇ ಕೂತಿತ್ತು.
ಬಾಗಲಾ ಬಡದಳು ಬಾಜೂ ಮನಿ ಗೌಸಿಯಾಬೀ.
"ಸುವಾರ್ತಕ್ಕಾ, ಮಗಳು ಹಡದಾಳ. ಹೆಣ್ಣು ಕೂಸು.
ದವಾಖಾನಿಗಿ ಹೊಂಟೀನಿ,
ಸುತ್ತಲಿಕ್ಕ ಏನರೆ ಅರಿವಿ ಅದ ಏನು?"
ಸಾಟಿನ್ ತೋರಿಸಿದೆ. ಉಳಿದ ತುಂಡು, ಹೊಚ್ಚ ಹೊಸಾದು.
ನಿಂದ್ರು, ಐದು ನಿಮಿಷದಾಗ ಒಂದು ಅಂಗಿ ಹೊಲಿತೀನಿ ಅಂದೆ.
"ಬ್ಯಾಡವ್ವ. ಹೊಸಾದು ಕೂಸಿಗಿ ಚುಚ್ತದ.
ಹೊಲಿಗೀನೂ ಒತ್ತತದ.
ಹಳೇದು ಕೊಡು, ಒಗದು ಒಗದು ಮೆತ್ತಗಾಗಿದ್ದು."

ಟ್ರಂಕಿನ ತಳದಾಗ ಅವ್ವನ ಸೀರಿ.
ಎಷ್ಟು ತೊಗರಿ ರಾಶಿ ನೋಡಿತ್ತೋ,
ಬಣ್ಣ ಯಾವುದಿತ್ತೋ ಈಗ ಅದಕ್ಕೂ ನೆನಪಿಲ್ಲ.
ಹಲ್ಲಿಗಿ ಹಚ್ಚಿ ಹರದೆ. ಚರ್ರ್ ಅಂತು.
ಕತ್ರಿ ಬೇಕಾಗಲಿಲ್ಲ,
ಅಳತಿ ಕೇಳಲಿಲ್ಲ ಯಾರೂ.
ಎದಿಗವಚಿಕೊಂಡು ಆಟೋ ಹತ್ತಿ ಹೋದಳು.

ನಾ ನಿಂತಲ್ಲೇ ನಿಂತೆ.
ಅಲ್ಲೋ ಸ್ವಾಮಿ,
ನೀ ಬಂದಾಗ ನಿನ್ನವ್ವ ಸುತ್ತಿದ್ದು ಬರೀ ಅರಿವಿ.
ಹೋಗುವಾಗ ಸಿಪಾಯಿಗಳು ಚೀಟಿ ಹಾಕಿದ್ದು
ಹೊಲಿಗಿ ಇಲ್ಲದ ಅಂಗಿಗಿ.
ದರ್ಜಿಗಿ ನೀ ಒಂದು ದಿನಾನೂ ಕೆಲಸಾ ಕೊಟ್ಟವನಲ್ಲ.
ಮತ್ತ ನಾ ಇಷ್ಟು ರಾತ್ರಿ
ಯಾರ ಸಲುವಾಗಿ ನಿದ್ದಿಗೆಟ್ಟೆ?

ಮಷೀನಿಗಿ ಮುಸುಕು ಹಾಕಿದೆ.
ಹೋದ ವರ್ಷದ್ದು, ಬೆರಳುದ್ದ ಉಳಿದ ಮೇಣಬತ್ತಿ ಹಚ್ಚಿ
ಪಿನ್ನು ಒಂದೊಂದೇ ಬಾಯಿಂದ ತಗದು ಡಬ್ಬ್ಯಾಗ ಹಾಕಿದೆ.
ಬಾಯಿ ಖಾಲಿ ಆಯ್ತು. ಮಾತು ಬರಲಿಲ್ಲ.
ಬಾಣಂತಿ ಕೋಣ್ಯಾಗ ಕೂಸಿನ ಬಾಜೂಕ ಕೂಡ್ತೀವಲ್ಲ,
ಅದು ಮಲಗಿರ್ತದ, ನಾವು ನೋಡಿಕೋತ ಇರ್ತೀವಿ,
ಎದ್ದು ಹೋಗಲಿಕ್ಕ ಮನಸ್ಸೇ ಬರಲ್ಲ,
ಹಂಗ ಕೂತೆ ನಿನ್ನ ಹಂತ್ಯಾಕ.
ಸಣ್ಣಾಕಿದ್ದಾಗ ಒಮ್ಮೆ ಹಿಂಗ ಕೂತಿದ್ದೆ,
ನಿನಗ ನೆನಪಿರಬೇಕು.

ಮುಂಜಾನೆ ಎಸ್ತರಾ ಟೀಚರ್ ಬಂದರು.
ಕಾಜಾ ಇನ್ನಾ ಆಗಿಲ್ರಿ ಅಂದೆ.
"ರಾತ್ರಿ ಎಲ್ಲಾ ಏನ್ ಮಾಡಿದಿ?"
ಕೂತಿದ್ದೆ.
"ಸುಮ್ಮನ?"
ಉತ್ತರ ಹೊಳಿಲಿಲ್ಲ. ನಕ್ಕೆ.
ಕಾಜಾದ ದಾರ ಹುಡುಕಿದೆ,
ಪಿನ್ನು ಮಾತ್ರ ಡಬ್ಬ್ಯಾಗೇ ಇರಲಿ ಅಂತ ಬಿಟ್ಟೆ.