ಹತ್ತು ಸಲ ಏಳುವುದು, ಕೂರುವುದು

ಅಳತೆಯವಳು ನಾನು. ಮುಹರ್ರಕ್‌ನ ಓಣಿಯಲ್ಲಿ
ಇಪ್ಪತ್ತಾರು ವರ್ಷ ಕಂಡವರ ಎದೆ, ಸೊಂಟ, ತೋಳು
ಕೊರಳಿಗೆ ನೇತುಬಿದ್ದ ಟೇಪಿನಲ್ಲಿ ಓದಿದವಳು.
ನನ್ನದೇ ಚೂಡಿದಾರದ ಬದಿಹೊಲಿಗೆ ಬಿಚ್ಚಿ
ಅರ್ಧ ಇಂಚು ಸಡಿಲಿಸಿದೆ ರಂಜಾನಿಗೆ ಮುಂಚೆ,
ಹಬ್ಬದ ಗಡಿಬಿಡಿ ಮುಗಿದ ಮೇಲೆ ಇನ್ನರ್ಧ.
ಗ್ಯಾಸ್ ಅಂದುಕೊಂಡೆ. ಓಮದ ನೀರು ಕುಡಿದೆ.
ವಯಸ್ಸಾಯ್ತಲ್ಲ, ಅಂದಳು ಪಕ್ಕದ ಮೆಷಿನ್ನಿನ ರುಖಿಯಾ.
ಕೂತು ಕೂತು ಹೊಟ್ಟೆ ಬಂತು, ಅಂದರು ಮನೆಯವರು.
ಬಟ್ಟೆ ಹೇಳಿತ್ತು. ನಾನು ಕೇಳಲಿಲ್ಲ.

ಅಂಡಾಶಯ ಎಂಬ ಶಬ್ದವನ್ನು
ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಓದಿ
ಬೆಂಚಿನ ಕೆಳಗೆ ಮುಖ ಮಾಡಿ ನಕ್ಕಿದ್ದೆವು.
ಅದನ್ನೀಗ ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ
ಮೂವರು ಮೂರು ಸಲ ಹೇಳಿದರು.
ಕನ್ನಡದಲ್ಲಿ ನಾನೇ ಹೇಳಿಕೊಳ್ಳಬೇಕಾಯಿತು, ಲಿಫ್ಟಿನಲ್ಲಿ.

ಹೊಕ್ಕುಳು ಬಳಸಿ ಇಳಿದ ಹೊಲಿಗೆ ನೋಡಿಕೊಂಡೆ.
ಒಳ್ಳೆಯ ಕೈ. ಅಂತರ ಸಮ.
ನಾನಾದರೆ ತುದಿಯಲ್ಲಿ ಇನ್ನೊಂದು ಗಂಟು ಹಾಕುತ್ತಿದ್ದೆ.

ನಾಲ್ಕನೇ ಕೀಮೋ ಆದ ಮೇಲೆ
ಬೆರಳಿಗೆ ಸೂಜಿ ಚುಚ್ಚಿದ್ದು ತಿಳಿಯಲಿಲ್ಲ,
ಬಿಳಿ ಸ್ಯಾಟಿನ್ ಮೇಲೆ ಕೆಂಪು ಕಂಡು ತಿಳಿಯಿತು.
ಅಂಗಾಲಿನೊಳಗೆ ಯಾರೋ ಹತ್ತಿ ತುಂಬಿದ ಹಾಗೆ.
ಹಾಸಿಗೆ ಕರೆಯಿತು, ಹೋದೆ. ಹದಿನೆಂಟು ದಿನ ಅಲ್ಲೇ ಇದ್ದೆ.

ಆಗ ಬಂದಳು ಫಿಸಿಯೋ ಹುಡುಗಿ ದಾನಾ.
ಅವರಲ್ಲಿ ಹಾಗೆಂದರೆ ದೊಡ್ಡ ಮುತ್ತಂತೆ;
ನಮ್ಮಲ್ಲಿ ಕೊಡುವುದು, ಅಂದೆ. ನಕ್ಕಳು,
ಒಂದು ಹಾಳೆ ಕೊಟ್ಟಳು. ಕುರ್ಚಿಯ ಚಿತ್ರ.
ಹತ್ತು ಸಲ ಏಳಿ, ಹತ್ತು ಸಲ ಕೂರಿ.
ಕಡಲೆಯ ಡಬ್ಬಿ ಎರಡು ಕೈಯಲ್ಲಿ ಎತ್ತಿ, ಇಳಿಸಿ.
ನಡೆಯಿರಿ, ಈ ವಾರ ಐದೇ ನಿಮಿಷ.
ಇದರಿಂದ ಗೆಡ್ಡೆ ಹೋಗುತ್ತದಾ?
ಇಲ್ಲ, ಅಂದಳು, ಕಣ್ಣು ತಪ್ಪಿಸದೆ.
ಮೆಟ್ಟಿಲು ಹತ್ತಬಹುದು. ನಿದ್ದೆ ಬರಬಹುದು.
ಮುಂದಿನ ಬಾಟಲಿ ತಡೆದುಕೊಳ್ಳಲು ಮೈ ಬೇಕಲ್ಲ.
ಆ 'ಇಲ್ಲ'ದ ಮೇಲೆ ನನಗೆ ನಂಬಿಕೆ ಬಂತು.

ನಡೆಯುವುದೆಂದರೆ! ಈ ಕಾಲು
ಊರಿಗೆ ಹತ್ತು ಸಲ ಹೋಗಿಬರುವಷ್ಟು ದೂರ
ಕೂತಲ್ಲೇ ಪೆಡಲು ತುಳಿದಿದೆ, ಒಂದಂಗುಲ ಸರಿಯದೆ.

ಜುಲೈ. ಹೊರಗೆ ಕಾದ ಇಸ್ತ್ರಿ.
ಬೆಳಿಗ್ಗೆ ಏಳಕ್ಕೆ, ಅಂಗಡಿಗಳ ಶಟರು ಏಳುವ ಮೊದಲು,
ಮಾಲಿನೊಳಗೆ ನಾವು ನಾಲ್ವರು.
ಫಿಲಿಪ್ಪೀನ್ಸಿನ ರೊಸಾಲಿ, ಉಣ್ಣೆ ಟೋಪಿಯೊಳಗೆ ಬೋಳು ತಲೆ.
ಸ್ನೀಕರು ತೊಟ್ಟ ಉಮ್ ಜಾಸಿಂ.
ಆಂಧ್ರದವಳೊಬ್ಬಳು; ಹೆಸರು ಕೇಳುವಷ್ಟರಲ್ಲಿ ಬರುವುದು ನಿಂತಿತು.
ಅವಳ ಜಾಗ ಬಿಟ್ಟೇ ನಡೆಯುತ್ತೇವೆ ಇನ್ನೂ,
ಯಾರೂ ಹೇಳಿಕೊಟ್ಟಿದ್ದಲ್ಲ.

ಒಂದು ದಿನ ಉಮ್ ಜಾಸಿಂ ನಿಂತು
ಅಬಾಯದ ಅಂಚು ಮಗುಚಿ ತೋರಿಸಿದಳು:
ನಿನ್ನದೇ ಅಲ್ಲವಾ? ಹೌದು, ನನ್ನ ಕೈಹೊಲಿಗೆ.
ನೆಲ ಗುಡಿಸಿ ಗುಡಿಸಿ ಸವೆದಿತ್ತು. ಬಿಟ್ಟಿರಲಿಲ್ಲ.

ಐದು ನಿಮಿಷ ಎಂಟಾಯಿತು. ಕೀಮೋದ ವಾರ ಮೂರಕ್ಕಿಳಿಯಿತು.
ಮತ್ತೆ ಐದು. ಹನ್ನೆರಡು.
ಕಾರಂಜಿಯ ಕಟ್ಟೆಯಲ್ಲಿ ಕೂತು ವಾಂತಿ ಮಾಡಿದ ದಿನ
ನಿಮಿಷ ಬರೆಯಲಿಲ್ಲ, ರೊಸಾಲಿಯ ಟಿಶ್ಯೂ ಬರೆದೆ.
ಸ್ಕ್ಯಾನು ಮುಂದಿನ ತಿಂಗಳು. ಆ ಅಳತೆ ನನ್ನ ಕೈಯಲ್ಲಿಲ್ಲ.

ಇವತ್ತು ಮನೆಯಲ್ಲಿ, ಕಿಟಕಿ ನಡುಗಿಸಿ ಇಳಿಯುವ ವಿಮಾನ,
ಒಂದು, ಎರಡು, ಕೈ ಊರದೆ ಆರು, ಏಳು,
ಒಂಬತ್ತಕ್ಕೆ ತೊಡೆ ನಡುಗಿ, ಹತ್ತು. ಕೂತೆ.
ಮುಗಿಯಿತು ಹಾಳೆಯಲ್ಲಿದ್ದದ್ದು.
ಹನ್ನೊಂದನೇ ಸಲ ಎದ್ದದ್ದು ವ್ಯಾಯಾಮಕ್ಕಲ್ಲ.
ಹಾಲು ಉಕ್ಕುತ್ತಿತ್ತು.