ಹೆಸರು ಆಮೇಲೆ

ನವೆಂಬರಿನಲ್ಲಿ ಮೈದಾನಕ್ಕೆ ಟಾರ್ಪಾಲು ಹೊದಿಸಿದ ಮೇಲೆ
ನೆಲಮಾಳಿಗೆಯಲ್ಲಿ ದೀಪ ಉರಿಯುವುದು ನನ್ನ ಕೋಣೆಯಲ್ಲೊಂದೇ.
ಹೊರಗೆ ಈರಿ ಸರೋವರ ಅಂಚಿನಿಂದ ಹೆಪ್ಪುಗಟ್ಟುತ್ತ ಬರುತ್ತದೆ.
ಒಳಗೆ ನಾನು, ಒಟಿಲಿಯಾ ಹುಡಾಕ್,
ಮೂವತ್ತೊಂದು ವರ್ಷದಿಂದ ಹೆರನ್ಸ್ ತಂಡದ ದರ್ಜಿ,
ಅಂಗಿಗಳ ಬೆನ್ನಿನಿಂದ ಹೆಸರು ಬಿಚ್ಚುತ್ತೇನೆ.

ಗೆಲುವು ಅರವತ್ತೊಂದು. ಸೋಲು ನೂರಾ ಒಂದು.
ಇನ್ನೇನು ಮಾಡುತ್ತಾರೆ, ಮಾರುತ್ತಾರೆ.
ಮೇಲಿನ ಮಹಡಿಯಿಂದ ಚೀಟಿ ಇಳಿದು ಬರುತ್ತದೆ:
ಯಾರು ಹೋದರು, ಯಾರು ಬಂದರು, ಎಷ್ಟನೆಯ ನಂಬರು.
ಕಾರಣ ಬರೆಯುವ ಅಭ್ಯಾಸ ಚೀಟಿಗಿಲ್ಲ.

ಟ್ರೆಡ್‌ವೆಲ್‌ನ ಹೆಸರು ಬಿಚ್ಚಲು ಒಂದಿಡೀ ಮಧ್ಯಾಹ್ನ ಹಿಡಿಯಿತು.
ಹನ್ನೊಂದು ವರ್ಷ ಎರಡನೆಯ ಬೇಸಿಗೂ ಮೂರನೆಯದಕ್ಕೂ ನಡುವೆ ನಿಂತು
ನೆಲ ಕಚ್ಚಿ ಬರುವ ಚೆಂಡನ್ನೆಲ್ಲ
ಕೋಳಿಮರಿ ಹಿಡಿದ ಹಾಗೆ ಹಿಡಿದವನು.
ಮಂಡಿ ಹೋಯಿತು, ಸಂಬಳ ಉಳಿಯಿತು,
ಹಾಗೆಂದರು.
ಅಕ್ಷರ ಕಿತ್ತರೂ ಹೆಸರು ಹೋಗಲಿಲ್ಲ.
ಬಿಸಿಲು ತಾಗದ ಬಟ್ಟೆ ಅಲ್ಲಿ ಹೊಸದರ ಹಾಗೆ ಬೆಳ್ಳಗಿತ್ತು;
ಸಾಲಾಗಿ ಸೂಜಿಯ ತೂತು,
ಕತ್ತಲಲ್ಲಿ ಬೆರಳಾಡಿಸಿದರೂ ಓದಬಹುದಿತ್ತು.

ಅವನಿಗೆ ಬದಲಾಗಿ ಬಂದದ್ದು
ಹತ್ತೊಂಬತ್ತರ ಇಬ್ಬರು ಎಸೆತಗಾರರು,
ಮತ್ತು ಚೀಟಿಯ ಕೊನೆಗೆ, ಶಾಯಿ ಮುಗಿಯುತ್ತ ಬಂದಂತೆ ತೆಳ್ಳಗೆ:
‘ಇನ್ನೊಬ್ಬ ಆಟಗಾರ. ಹೆಸರು ಆಮೇಲೆ.’

ಇಬ್ಬರಲ್ಲಿ ಒಬ್ಬ ಜನವರಿಯಲ್ಲಿ ಬಂದ,
ವೆನೆಜುವೆಲಾದವನು, ಹಿಮಕ್ಕೆ ಹೆದರಿ ಎರಡು ಟೋಪಿ ಹಾಕಿಕೊಂಡು.
ಅಷ್ಟರಲ್ಲಿ ವೈದ್ಯರು ಭುಜ ನೋಡಿದ್ದರು, ಕೋಚ್ ಮಣಿಕಟ್ಟು,
ಅವನ ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು
ಕಂಪ್ಯೂಟರು ಎಣಿಸಿ ಮುಗಿಸಿತ್ತು.
ನನ್ನ ಮೇಜಿನ ಮೇಲೆ ತನ್ನ ಹೆಸರು ನೋಡಿ ತಲೆಯಲ್ಲಾಡಿಸಿದ.
ಸೀಮೆಸುಣ್ಣ ತೆಗೆದುಕೊಂಡು
ಎನ್ ಅಕ್ಷರದ ನೆತ್ತಿಯ ಮೇಲೆ ಪುಟ್ಟದೊಂದು ಅಲೆ ಎಳೆದ.
‘ಇದಿಲ್ಲದೆ ಅಮ್ಮ ಟೀವಿಯಲ್ಲಿ ನೋಡಿದರೆ
ಯಾರೋ ಬೇರೆಯವರ ಮಗ ಅಂದುಕೊಳ್ಳುತ್ತಾಳೆ.’
ಪೆನ್ಯಾಲ್ವೆರ್.
ಕಿರುಬೆರಳ ಉಗುರಿನಷ್ಟು ಬಟ್ಟೆ,
ಉಳಿದ ಹೆಸರಿಗಿಂತ ಹೆಚ್ಚು ಹೊತ್ತು ತಿಂದಿತು.

ಮೇಲಿನವರು ಹೇಳುತ್ತಾರೆ: ಮೂರು ವರ್ಷ ಕೊಡಿ.
ಮೊದಲನೆಯದು ಕಲಿಯಲು, ಎರಡನೆಯದು ನೋಯಲು,
ಮೂರನೆಯ ಅಕ್ಟೋಬರಿನಲ್ಲಿ ಬನ್ನಿ, ಟಿಕೆಟ್ ಸಿಗುವುದಿಲ್ಲ.
ಈ ಮಾತನ್ನು ನಾಲ್ಕು ಮ್ಯಾನೇಜರುಗಳ ಬಾಯಲ್ಲಿ ಕೇಳಿದ್ದೇನೆ;
ನಾಲ್ವರ ಹೆಸರನ್ನೂ ಬಿಚ್ಚಿದ್ದೇನೆ.
ಕೂಸು ಹುಟ್ಟುವ ಮೊದಲೇ ಕುಲಾವಿಯೇ ಎಂದು ನಗುವವರು ನಗಲಿ.
ಕುಲಾವಿ ಹೊಲಿಯುವವಳಿಗೆ ಗೊತ್ತು,
ಅಳತೆಯಿಲ್ಲದೆಯೂ ಕೈ ಒಂದು ತಲೆಯನ್ನು ಊಹಿಸಿಕೊಳ್ಳುತ್ತದೆ.

ಕಣ್ಣಿನ ಡಾಕ್ಟರೂ ಮೂರು ವರ್ಷ ಎಂದೇ ಹೇಳಿದ್ದಾರೆ.
ಬಲಗಣ್ಣಿಗೆ. ಎಡಗಣ್ಣಿನ ಮಾತೆತ್ತಲಿಲ್ಲ.

ಫೆಬ್ರವರಿ ಏಳಕ್ಕೆ ಲಾರಿ ಫ್ಲಾರಿಡಾದ ಬಿಸಿಲಿಗೆ ಹೊರಡಬೇಕು.
ಬ್ಯಾಟು, ಹೆಲ್ಮೆಟ್ಟು, ನಲವತ್ತು ಡಬ್ಬ ಸೂರ್ಯಕಾಂತಿ ಬೀಜ,
ಯಾರದೋ ಮಗಳ ಸೈಕಲ್ಲು.
ಡ್ರೈವರ್ ಓರ್ವಿಲ್ ವರ್ಷವೂ ಕೇಳುವುದನ್ನೇ ಕೇಳಿದ:
‘ಏನಮ್ಮ, ಈ ಸಲ?’
‘ದಾರ ಜಾಸ್ತಿ ತರಿಸಿದ್ದೇನೆ’ ಎಂದೆ.
ಅದು ಭರವಸೆಯೋ ಬೈಗುಳವೋ ತಿಳಿಯದೆ
ಸುಮ್ಮನೆ ಗೇರು ಹಾಕಿ ನೋಡಿದ.

ಕೊನೆಯ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಅಂಗಿ.
ಬರೀ ನಂಬರು, ಅರವತ್ತನಾಲ್ಕು.
ಎಲ್ಲೋ ಒಬ್ಬ ಹುಡುಗ,
ತಾನು ಯಾರ ಮಂಡಿಗೆ ಚಿಲ್ಲರೆಯಾಗಿ ಬಂದೆನೆಂದು ಗೊತ್ತಿಲ್ಲದೆ,
ಗೋಡೆಗೆ ಚೆಂಡೆಸೆದು ತಾನೇ ಹಿಡಿಯುತ್ತಿರಬಹುದು.
ಹೆಸರು ಉದ್ದವಿದ್ದರೆ ಕಷ್ಟ,
ಭುಜದಿಂದ ಭುಜಕ್ಕೆ ಕಮಾನು ಕಟ್ಟಬೇಕು.
ಚಿಕ್ಕದಿದ್ದರೆ ಇನ್ನೂ ಕಷ್ಟ,
ಬೆನ್ನ ನಡುವೆ ಒಂಟಿಯಾಗಿ ನಿಲ್ಲುತ್ತದೆ.
ಯಾವುದಕ್ಕೂ ಇರಲಿ ಎಂದು
ಇನ್ನೊಂದು ಅಲೆ ಕತ್ತರಿಸಿ
ಜೇಬಿಲ್ಲದ ಆ ಅಂಗಿಯ ಮಡಿಕೆಯೊಳಗಿಟ್ಟೆ.