ಸುರಂಗದಾಗ ಹನ್ನೆರಡು

ಕರ್ಜತ್ ದಾಟಿ ಗಾಡಿ ಘಾಟು ಹತ್ತಾಕ ಹತ್ತಿತ್ತು.
ಹನ್ನೆರಡಕ್ಕ ಐದು ಮಿನಿಟ ಬಾಕಿ.
ಮಂಗಳದಾಸ ಮಾರ್ಕೆಟ್ಟಿನ ಅಸ್ತರಿನ ಗಂಟು ಕಾಲಾಗ,
ಫೋನು ಕೈಯಾಗ. ಒತ್ತಿದೆ.
ಸುರಂಗ ಬಂತು.

ಪರದೆ ಮ್ಯಾಲ ಸಣ್ಣ ಚಕ್ರ ತಿರುಗಿತು, ತಿರುಗಿತು.
ನನ್ನ ಮಷೀನಿನ ಗಾಲಿ ಅಷ್ಟೊತ್ತು ತಿರುಗಿದ್ರ
ಒಂದು ಕುಬಸದ ತೋಳರೆ ಮುಗೀತಿತ್ತು.
ಖಂಡಾಳದ ದೀಪ ಕಂಡಾಗ
ತಾರೀಖು ಬದಲಾಗಿತ್ತು.

ತಡ ಆಗಿದ್ದಕ್ಕ ಐನೂರು.
ಐನೂರರ ಮ್ಯಾಲ ಸರ್ಕಾರದ್ದು ತೊಂಬತ್ತು.
ಬಡ್ಡಿ ಬ್ಯಾರೆ,
ಅದೂ ಓವರ್‌ಲಾಕ್ ಮಷೀನು ತಂದ ದಿನದಿಂದ ಎಣಿಸಿ,
ಒಂದು ಎಳಿ ಜಗ್ಗಿದ್ರ
ಇಡೀ ಹೊಲಿಗಿ ಬಿಚ್ಚಿ ಬಂದಂಗ.

ಹಡಪಸರದ ಅಂಗಡ್ಯಾಗ ಕುಂತು ಫೋನ್ ಹಚ್ಚಿದೆ.
ಹಿಂದಿಗೆ ಒಂದು ಒತ್ತು, ಮರಾಠಿಗೆ ಮೂರು.
ಸಿಟ್ಟಿಗೆ ಯಾವ ನಂಬರೂ ಇಲ್ಲ.
ಇಪ್ಪತ್ತು ಮಿನಿಟ ಪೀಪಿ ಊದಿ
ಒಬ್ಬಾಕಿ ಬಂದಳು: "ಸಿಸ್ಟಮ್ ಐಸಾ ಹೈ, ಮ್ಯಾಡಮ್."
ಹಲ್ಲಾಗ ಟಾಚಣಿ ಕಚ್ಚಿಕೊಂಡೇ ಅಂದೆ,
"ನಿಮ್ಮ ಸಿಸ್ಟಮ್ಮಿನ ಬಾಯಾಗ ಮಣ್ಣು ಬೀಳಲಿ."
ಆ ಕಡೆ ಗಪ್ಪು.
ಆಮ್ಯಾಲೆ ಸಣ್ಣ ದನಿ:
"ಅಕ್ಕಾರ, ಯಾವೂರ್ರಿ ನಿಮ್ಮದು?"

ಇಂಡಿ, ಅಂದೆ. ಅಕಿದು ಜಮಖಂಡಿ.
ಹಿಂದಿಲೆ ಆಗದ್ದು ಕನ್ನಡದಾಗೂ ಆಗಲಿಲ್ಲ.
ಅಕಿ ಕಾರ್ಡಿಗೂ ಹೋದ ತಿಂಗಳು ಬಿದ್ದಿತ್ತಂತ.

ಫೋನ್ ಇಟ್ಟು ತಲಿ ಎತ್ತಿದ್ರ
ಬಾಗಲದಾಗ ಪುಷ್ಪಲತಾ ವಹಿನಿ.
"ಬ್ಲೌಸು ಸೋಮವಾರ ಕೊಡ್ತೀನಿ ಅಂದಿದ್ದಿ."
ಇವತ್ತು ಗುರುವಾರ.
ದಿನಕ್ಕಿಷ್ಟು ಅಂತ ದಂಡ ಹಾಕೋದು
ಪಾಪ, ಅಕಿಗೆ ಗೊತ್ತಿಲ್ಲ.
"ಕುಂದರ್ರಿ ವಹಿನಿ," ಸ್ಟೂಲು ಸರಿಸಿದೆ,
"ಹುಕ್ಕಷ್ಟ ಬಾಕಿ."

ಬಟ್ಟಿಗೆ ಇನ್ನೂ ಕತ್ತರಿ ಹಚ್ಚಿರಲಿಲ್ಲ.